ಗೆದ್ದವರ ಊಟಕ್ಕೆ ಸೋತವರನ್ನೂ ಕರೆದದ್ದು

ಹಾನಗಲ್ಲಿನ ಹುತುತು ತಂಡ ನಾಲ್ಕು ತಾಲ್ಲೂಕಿನ ಸ್ಪರ್ಧೆಯ ಢಾಲು ಗೆದ್ದು ಹನ್ನೆರಡು ವರ್ಷವಾದ ಮೇಲೆ, ಆ ತಂಡದಲ್ಲಿ ಏಳನೆಯವನು ಯಾರಿದ್ದ ಎಂಬ ಬಗ್ಗೆ ಊರಿನ ಒಂದು ಚಾದಂಗಡಿಯಲ್ಲಿ ಜಗಳ ಎದ್ದಿತು. ಆರು ಜನರ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ಏಳನೆಯವನು ನಾನೇ ಎಂದು ಹೇಳಿಕೊಳ್ಳುವವರು ಊರಲ್ಲಿ ಮೂವರಿದ್ದರು. ಮೂವರೂ ಮರ್ಯಾದಸ್ಥರು. ಗೆದ್ದ ದಿನ ತೆಗೆಸಿದ ಫೋಟೋ ಅದೇ ಅಂಗಡಿಯ ಗೋಡೆಗಿತ್ತು. ಆದರೆ ಫೋಟೋದಲ್ಲಿ ಏಳನೆಯವನ ಮುಖಕ್ಕೆ ಢಾಲು ಅಡ್ಡ ಬಂದಿದೆ, ಮೀಸೆಯ ಒಂದು ತುದಿ ಮಾತ್ರ ಕಾಣುತ್ತದೆ. ಆ ಮೂವರಿಗೂ ಮೀಸೆ ಇತ್ತು.

ಚಾದಂಗಡಿಯ ಯಜಮಾನರು ಜನ್ಮದಲ್ಲಿ ಒಮ್ಮೆಯೂ ಹುತುತು ಆಡಿದವರಲ್ಲ. ನೋಡಿದವರು. ನೋಡುವುದರಲ್ಲಿ ಅವರನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಪಂದ್ಯವಿದ್ದ ದಿನ ಒಲೆಗೆ ನೀರು ಹಾಕಿ ಅಂಗಡಿ ಮುಚ್ಚುತ್ತಿದ್ದರು. ಪಂದ್ಯ ಮುಗಿದ ಮೇಲೆ ಎರಡು ದಿನ ಗಂಟಲು ಕಟ್ಟಿ, ಗಿರಾಕಿಗಳನ್ನು ಬೆರಳು ಎತ್ತಿ ಮಾತಾಡಿಸುತ್ತಿದ್ದರು. ಜಗಳ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಅವರು, "ಎಲ್ಲಾರ್ನೂ ಕರಸೂನು. ಒಂದ ದಿವಸ ಊಟಾ ಹಾಕೂನು. ಸಾಲಾಗಿ ಕುಂದರಿಸಿದ್ರ ಏಳನೇದಾಂವ ಯಾರು ಅಂತ ತಾನ ಗೊತ್ತಾಗತೈತಿ" ಎಂದರು.

ಮಾತು ಅಲ್ಲಿಗೇ ನಿಂತಿದ್ದರೆ ನನಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ. ಆದರೆ ಹಾನಗಲ್ಲಿನ ಅಭಿಮಾನಿಗಳು ಮಾತನ್ನು ಅಷ್ಟು ಅಗ್ಗಕ್ಕೆ ಬಿಡುವವರಲ್ಲ. ಗೆದ್ದವರು ಬಂದ ಮೇಲೆ ಬರೇ ಉಂಡು ಹೋಗುವುದು ಹೇಗೆ, ಆ ಕೊನೆಯ ಪಂದ್ಯವನ್ನು ಇನ್ನೊಮ್ಮೆ ಆಡಿ ತೋರಿಸಲಿ ಎಂದು ಒಬ್ಬರೆಂದರು. ಆಡಬೇಕಾದರೆ ಸೋತವರೂ ಬೇಕಲ್ಲ ಎಂದು ಇನ್ನೊಬ್ಬರೆಂದರು. ಸೋತವರೆಂದರೆ ಹಿರೇಕೆರೂರಿನವರು. ಅವರನ್ನು ಕರೆದು ಮತ್ತೊಮ್ಮೆ ಸೋಲಿಸುವುದು ಚಂದವೇ ಎಂದು ಯಾರೋ ಕೇಳಿದಾಗ ಯಜಮಾನರು, "ಅವ್ರು ಸೋತಿದ್ದಕ್ಕ ನಮ್ಮವರು ಗೆದ್ದದ್ದಪಾ. ಅವರ್ನ ಬಿಟ್ಟು ಊಟಾ ಹಾಕೂದಂದ್ರ ಬೀಗರ್ನ ಬಿಟ್ಟು ಮದುವಿ ಮಾಡಿದಂಗ" ಎಂದರು. ಆ ಕ್ಷಣದಿಂದ ಹಿರೇಕೆರೂರಿನ ತಂಡ ಹಾನಗಲ್ಲಿಗೆ ಬೀಗರಾಯಿತು. ಇದರಿಂದ ಮುಂದೆ ಏನಾಗಬಹುದೆಂದು ಆಗ ಯಾರೂ ಯೋಚಿಸಲಿಲ್ಲ.

ನನಗೆ ಶಿಗ್ಗಾಂವಿಗೆ ಒಂದು ಕಾರ್ಡು ಬಂತು. "ನೀವೇ ಪಂಚರು. ನೀವಿಲ್ಲದೆ ಆಗುವುದಿಲ್ಲ. ಕೂಡಲೇ ಹೊರಟು ಬರುವುದು." ಯಾರು ಬರೆದದ್ದು, ಯಾಕೆ ಎಂದು ಏನೂ ಇರಲಿಲ್ಲ. ಯಾರದೋ ಮನೆಯಲ್ಲಿ ಪಾಲು ನಡೆದಿದೆ ಎಂದುಕೊಂಡು ನಾನು ಎರಡು ದಿನ ಸುಮ್ಮನಿದ್ದೆ.

ನಾನು ಹುತುತು ಪಂದ್ಯಕ್ಕೆ ಪಂಚ, ಅಂದರೆ ತೀರ್ಪುಗಾರ, ಆದದ್ದು ಹೀಗೆ. ಇನ್ನೂ ನಮ್ಮ ಕಡೆಯೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ನಾನು ಶಿಗ್ಗಾಂವಿಯಲ್ಲಿ ಹೊಸದಾಗಿ ಸೇರಿದ ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ಹತ್ತಿರ ಒಂದು ಸೀಟಿ ಇತ್ತು. ಹಾನಗಲ್ಲಿನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಶಿಗ್ಗಾಂವಿ ತಂಡ ಮೊದಲ ದಿನ ಬೆಳಿಗ್ಗೆ ಸೋತಿತು, ಸವಣೂರಿನದು ಅದೇ ದಿನ ಮಧ್ಯಾಹ್ನ. ಕೊನೆಯ ಪಂದ್ಯಕ್ಕೆ ಹಾನಗಲ್ಲೂ ಹಿರೇಕೆರೂರೂ ಉಳಿದವು. ಪಂಚನಾಗುವವನು ಎರಡೂ ಊರಿನವನಾಗಿರಬಾರದು. ಸವಣೂರಿನ ಡ್ರಿಲ್ ಮಾಸ್ತರು ಸಿಟ್ಟು ಮಾಡಿಕೊಂಡು ಊರಿಗೆ ಹೊರಟುಹೋಗಿದ್ದರು. ಹೀಗಾಗಿ ಸಿಟ್ಟಿಲ್ಲದೆ ಸೋತವನು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ನಿಲ್ಲಿಸಿದರು.

ಆಗ ನನ್ನ ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಹೆಂಡತಿ ಸವಣೂರಿನವಳು. ಮಾವನವರು ಮದುವೆಯಲ್ಲಿ ನನಗೆ ಒಂದು ಧೋತರ ಕೊಟ್ಟಿದ್ದರು. ಅಂಥ ಧೋತರ ನಮ್ಮ ಮನೆತನದಲ್ಲಿ ಅದಕ್ಕೆ ಮೊದಲು ಯಾರೂ ಉಟ್ಟಿರಲಿಲ್ಲ, ಆಮೇಲೂ ಉಡಲಿಲ್ಲ. ಪಂಚನಾದವನು ಚಡ್ಡಿ ಹಾಕಿಕೊಂಡು ಬರಬೇಕೆಂಬುದು ನನಗೆ ಗೊತ್ತಿತ್ತು. ಆದರೆ ಮಾವನವರು ಪಂದ್ಯ ನೋಡಲು ಸವಣೂರಿನಿಂದ ಬರುವವರಿದ್ದರು. ಹೀಗಾಗಿ ಧೋತರ ಉಟ್ಟೆ.

ಈಗ ಎಲ್ಲರೂ ಕಬಡ್ಡಿ ಎನ್ನುತ್ತಾರೆ. ನಾವು ಹುತುತು ಎನ್ನುತ್ತಿದ್ದೆವು, ಉಸಿರು ಬಿಡದೆ ಆ ಶಬ್ದವನ್ನೇ ಹೇಳುತ್ತ ಎದುರಿನವರ ಅಂಕಣಕ್ಕೆ ನುಗ್ಗಬೇಕಾದ್ದರಿಂದ. ನುಗ್ಗಿದವನು ಒಂದಿಬ್ಬರನ್ನು ಮುಟ್ಟಿ, ಉಸಿರಿರುವಾಗಲೇ ತಿರುಗಿ ನಡುಗೆರೆ ಮುಟ್ಟಿದರೆ ಅವರು ಔಟು. ಅವರು ಅವನನ್ನು ಅಲ್ಲೇ ಹಿಡಿದು ಕೆಡವಿ ಉಸಿರು ಬಿಡಿಸಿದರೆ ಅವನು ಔಟು. ಇಡೀ ಆಟ ನಿಂತಿರುವುದು ಆ ಗೆರೆಯ ಮೇಲೆ, ಅದನ್ನು ನೋಡುವ ಪಂಚನ ಕಣ್ಣಿನ ಮೇಲೆ.

ಅಂದು ಹಾನಗಲ್ಲು ಒಂದು ಅಂಕ ಮುಂದಿತ್ತು. ಕೊನೆಯ ದಾಳಿ ಹಿರೇಕೆರೂರಿನದು. ಬಂದವನು ಇಪ್ಪತ್ತು-ಇಪ್ಪತ್ತೆರಡರ ಹುಡುಗ, ಬಿದಿರಿನ ಗಳದಂತೆ ಉದ್ದ. ಬಂದವನೇ ಇಬ್ಬರನ್ನು ಮುಟ್ಟಿ ತಿರುಗಿದ. ಗೆರೆ ತಲುಪಿದರೆ ಢಾಲು ಹಿರೇಕೆರೂರಿಗೆ. ಹಾನಗಲ್ಲಿನ ಕಪ್ತಾನ ಅವನ ಸೊಂಟ ಹಿಡಿದ, ಮತ್ತಿಬ್ಬರು ಕಾಲು ಹಿಡಿದರು, ನಾಲ್ವರೂ ಒಟ್ಟಿಗೆ ಗೆರೆಯ ಕಡೆಗೆ, ಅಂದರೆ ನಾನು ನಿಂತ ಕಡೆಗೆ ಬಿದ್ದರು. ಆಗ ನಾನು ಮಾಡಿದ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಎರಡೂ ಕೈಯಿಂದ ಧೋತರ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದೆ. ಅಂಚಿಗೆ ಮಣ್ಣು ಹತ್ತಿತೋ ಎಂದು ಬಗ್ಗಿ ನೋಡಿದೆ. ಹತ್ತಿರಲಿಲ್ಲ. ತಲೆ ಎತ್ತುವಷ್ಟರಲ್ಲಿ ಧೂಳು, ಜನ, ಕೂಗು. ಹಾನಗಲ್ಲಿನ ಜನವೆಲ್ಲ "ಔಟ್! ಔಟ್!" ಎನ್ನುತ್ತಿದ್ದರು. ಅಷ್ಟು ಜನ ಹೇಳುವಾಗ ಸುಳ್ಳಿರಲಿಕ್ಕಿಲ್ಲ ಎಂದು ನಾನು ಸೀಟಿ ಊದಿ ಕೈ ಎತ್ತಿದೆ.

ಆ ಹುಡುಗ ನನ್ನ ಮುಂದೆ ಬಂದು ನಿಂತ. ಮುಟ್ಟಿದ್ದೇನೆ ಎಂದ. ಇಲ್ಲ ಎಂದೆ. ಅವನಿಗೆ ಇನ್ನೂ ಏನೋ ಹೇಳುವುದಿತ್ತು, ಆದರೆ ಹಾನಗಲ್ಲಿನವರು ತಮ್ಮ ಕಪ್ತಾನನನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮಿಬ್ಬರ ನಡುವೆಯೇ ಹಾಯ್ದುಹೋದರು. ಅವನ ಕೈ ಗೆರೆ ಮುಟ್ಟಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕು ಎಂದು ಪಾಠ ಮಾಡುವಾಗ ಮಾತ್ರ ಸ್ವಲ್ಪ ಬೇಗ ಮುಗಿಸುತ್ತಿದ್ದೆ.

ಹೀಗಾಗಿ ಮೂರನೆಯ ದಿನ ಯಜಮಾನರೇ ಶಿಗ್ಗಾಂವಿಗೆ ಬಂದು ಕಾರ್ಡಿನ ಅರ್ಥ ಹೇಳಿದಾಗ ನನಗೆ ಹೋಗುವ ಮನಸ್ಸಿರಲಿಲ್ಲ. ಅವರು ನಮ್ಮ ಮನೆಯಲ್ಲಿ ಎರಡು ಸಲ ಚಹಾ ಕುಡಿದು, ಎರಡು ಸಲವೂ ಹಾಲು ಕಡಿಮೆಯಾಗಿದೆ ಎಂದು ಹೇಳಿ, ನನ್ನನ್ನು ಹೊರಡಿಸಿದರು. ಹಿರೇಕೆರೂರಿನವರನ್ನು ಕರೆಯಲು ನಾವಿಬ್ಬರೂ ಸರಕಾರಿ ಬಸ್ಸಿನಲ್ಲಿ ಹೋದೆವು. ಮದುವೆಗೆ ಕರೆಯಲು ಹೋಗುವವರ ಹಾಗೆ ಅವರು ರುಮಾಲು ಸುತ್ತಿ, ಅಕ್ಷತೆಯ ಬಟ್ಟಲು ಹಿಡಿದಿದ್ದರು. ಬಸ್ಸು ಕುಲುಕಿದಾಗಲೆಲ್ಲ ಅಕ್ಕಪಕ್ಕದವರ ಮೇಲೆ ಅಕ್ಷತೆ ಬೀಳುತ್ತಿತ್ತು. ಮುಂದಿನ ಸೀಟಿನ ಮುದುಕಿ ತಿರುಗಿ, ಯಾರ ಮದುವೆ ಎಂದು ಕೇಳಿದಳು. "ಹುತುತುಂದವ್ವಾ" ಎಂದರು. ಆಕೆ ಮುಂದೆ ಕೇಳಲಿಲ್ಲ.

ಅವರಲ್ಲಿ ಆರು ಜನ ಕುಂಕುಮ ಹಚ್ಚಿಸಿಕೊಂಡು ಒಪ್ಪಿದರು. ಏಳನೆಯವನು ಆ ಉದ್ದನೆಯ ಹುಡುಗ. ಈಗ ಹುಡುಗನಲ್ಲ, ಸಂತೆಪೇಟೆಯ ಬದಿಗೆ ಹಿಟ್ಟಿನ ಗಿರಣಿ ಇಟ್ಟಿದ್ದ. ತಲೆಯಿಂದ ಕಾಲಿನವರೆಗೆ ಹಿಟ್ಟು ಹತ್ತಿ ಬೆಳ್ಳಗಾಗಿದ್ದ. ಜೋಳದ ಬುಟ್ಟಿ ಇಟ್ಟುಕೊಂಡು ಐದಾರು ಹೆಂಗಸರು ಪಾಳಿಯಲ್ಲಿ ಕೂತಿದ್ದರು. ಅವನ ಹೆಂಡತಿ ಹಿಟ್ಟು ತುಂಬಿ ಕೊಡುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಯಜಮಾನರು ಕಿರುಚಿ ವಿಷಯ ಹೇಳಿದರು. ಅವನು ಅವರ ಮಾತು ಕೇಳುತ್ತಲೇ ನನ್ನ ಮುಖ ನೋಡುತ್ತಿದ್ದ. ನನ್ನ ಗುರುತು ಹತ್ತಿತೆಂದು ನನಗೆ ತಿಳಿಯಿತು. ಅವನೂ ಕಿರುಚಿ ನನಗೇನೋ ಕೇಳಿದ. ಕೇಳಿಸುತ್ತಿಲ್ಲ ಎಂದು ನಾನು ಕಿವಿ ತೋರಿಸಿದೆ. ನಿಜ ಹೇಳಬೇಕೆಂದರೆ ಕೇಳಿಸಿತ್ತು.

ಅವನು ಹೋಗಿ ಎಂಜಿನ್ನು ನಿಲ್ಲಿಸಿ ಬಂದ.

"ಮಾಸ್ತರ, ಬರ್ತೇನಿ. ಬರೂದಕ್ಕ ನಂದೇನೂ ಇಲ್ಲ. ಆದ್ರ ಒಂದ ಮಾತ ಹೇಳ್ರಿ. ಅವತ್ತ ನಾ ಮುಟ್ಟೇನಿ ಅಂದೆ, ನೀವು ಇಲ್ಲ ಅಂದ್ರಿ. ನೋಡಿ ಅಂದ್ರೋ, ನೋಡ್ಲಾರದ ಅಂದ್ರೋ?"

ಎಂಜಿನ್ನಿಲ್ಲದ ಗಿರಣಿಯಷ್ಟು ನಿಶ್ಶಬ್ದವಾದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಗೋಡೆ ನೋಡಿದೆ, ಬುಟ್ಟಿಗಳನ್ನು ನೋಡಿದೆ. ಪಾಳಿಯಲ್ಲಿ ಮೊದಲಿಗಳಾಗಿ ಕೂತ ಹೆಂಗಸು, "ಲಗೂ ಹೇಳ್ರೀ ಯಪ್ಪಾ, ಜ್ವಾಳಾ ಬೀಸೂದೈತಿ" ಎಂದಳು.

"ನೋಡಿರಲಿಲ್ಲ" ಎಂದೆ.

"ಮತ್ತ ಏನ ನೋಡಾಕತ್ತಿದ್ರಿ?" ಎಂದು ಕೇಳಿದವಳೂ ಅದೇ ಹೆಂಗಸು.

"ಧೋತರಾ."

ಪಂದ್ಯದಲ್ಲಿ ನಡೆದದ್ದನ್ನೂ ಹೇಳಿದೆ. ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು, ಆಮೇಲೆ ಪಾಳಿಯೆಲ್ಲ ನಕ್ಕಿತು. ಯಜಮಾನರು ಮಾತ್ರ ಅಕ್ಷತೆಯ ಬಟ್ಟಲನ್ನು ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟರು. ಹನ್ನೆರಡು ವರ್ಷ ಅವರು ಆ ಗೆಲುವಿನ ಮೇಲೆ ಚಹಾ ಮಾರಿದ್ದರು.

ಗಿರಣಿಯವ ಸಿಟ್ಟಾಗುತ್ತಾನೆಂದು ನಾನು ಕಾದೆ. ಸಿಟ್ಟಾಗಿದ್ದರೆ ಚಲೋ ಇತ್ತು. ಅವನು ಹೆಂಡತಿಯ ಕಡೆ ತಿರುಗಿ, "ಕೇಳಿದೇನು?" ಎಂದ. ಆಕೆ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡು ನನಗೆ ಹೇಳಿದಳು: "ಮದುವಿ ಆದಾಗಿಂದ ಕೇಳಾಕತ್ತೇನ್ರಿ, ನಾ ಮುಟ್ಟಿದ್ದೆ, ನಾ ಮುಟ್ಟಿದ್ದೆ ಅಂತ. ಬೀಸಾಕ ಬಂದವರು ಸುದ್ದಾ, ಇವತ್ತರ ಗೆರಿ ಮುಟ್ಟಿದೇನಪಾ ಅಂತ ಆಡಿಕೊಂಡು ನಗ್ತಿದ್ರು. ನಾನೂ ನಂಬಿರಲಿಲ್ರಿ ಇವರ್ನ." ಪಾಳಿಯ ಹೆಂಗಸರು ನಗುವುದನ್ನು ನಿಲ್ಲಿಸಿ ತಂತಮ್ಮ ಬುಟ್ಟಿ ನೋಡಿಕೊಂಡರು. ನನಗೆ ಆಗ ಆದಷ್ಟು ನಾಚಿಕೆ ಜೀವಮಾನದಲ್ಲಿ ಆಗಿಲ್ಲ.

"ಆತು ಬಿಡ್ರಿ. ಹಳೇದನ್ನ ಈಗ ನೋಡಾಕ ಬರಂಗಿಲ್ಲ" ಎಂದ ಅವನು. "ಇನ್ನೊಮ್ಮಿ ನಾ ಹೋಗ್ತೇನಿ, ಅವ್ರು ನನ್ನ ಅವತ್ತಿನಂಗ ಹಿಡೀಲಿ. ನೀವು ನೋಡ್ರಿ. ಮುಟ್ಟಿದ್ರ ಮುಟ್ಯಾನ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನನಗ ಇಷ್ಟ ಬೇಕು. ಧೋತರಾ ಮಾತ್ರ ಉಟ್ಕೊಂಡ ಬರಬ್ಯಾಡ್ರಿ."

ಹಾನಗಲ್ಲಿಗೆ ತಿರುಗಿ ಬರುವಾಗ ಯಜಮಾನರು ಬಸ್ಸಿನಲ್ಲಿ ನನ್ನ ಹತ್ತಿರ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಇದನ್ನ ಮುಗಿಸಬೇಕ್ರಿ ಮಾಸ್ತರ. ನನಗೂ ಇನ್ನ ಫೋಟೋದ ಮುಂದ ನಿಂತು ಚಾ ಸೋಸೂದು ಆಗಂಗಿಲ್ಲ" ಎಂದರು.

ಮನೆಗೆ ಬಂದು ಹೆಂಡತಿಗೆ ಖಾಕಿ ಚಡ್ಡಿ ಹುಡುಕು ಎಂದೆ. ನಮ್ಮಪ್ಪ ಕೊಟ್ಟ ಧೋತರ ಏನು ಮಾಡಿದೆ ಎಂದು ಆಕೆ ಕೇಳಿದಳು. ಏನು ಮಾಡಿತೆಂದು ಹೇಳಿದೆ. ಆಕೆ, "ಅವತ್ತ ನಮ್ಮಪ್ಪ ಸವಣೂರಿಗೆ ಬಂದು ನಿಮ್ಮನ್ನ ಭಾಳ ಹೊಗಳಿದ್ರಿ. ಅಷ್ಟು ಗದ್ದಲದಾಗೂ ಅಳಿಯಾ ಧೋತರಕ್ಕ ಮಣ್ಣ ಹತ್ತಗೊಡ್ಲಿಲ್ಲ, ಜ್ವಾಪಾನದ ಮನಿಷಾ ಅಂತ" ಎಂದಳು. ಅಂದರೆ ಆ ಮೈದಾನದಲ್ಲಿ ನಡೆದದ್ದನ್ನು ಸರಿಯಾಗಿ ನೋಡಿದವರು ಒಬ್ಬರೇ, ಅವರೂ ಬೇರೆಯದನ್ನೇ ನೋಡಿದ್ದರು.

ಕೂಟದ ದಿನ ಹಾನಗಲ್ಲಿನಲ್ಲಿ ಬೆಳಿಗ್ಗೆಯಿಂದ ಹಲಗೆ ಬಾರಿಸಿದರು. ಗೆದ್ದ ತಂಡದ ಏಳು ಜನರನ್ನು ಕರೆದಿತ್ತು, ಒಂಬತ್ತು ಜನ ಬಂದರು. ಏಳನೆಯವರಾದ ಮೂವರೂ ಸಾಲಿನಲ್ಲಿ ಕೂತರು, ಮೂವರಿಗೂ ರುಮಾಲು ಸುತ್ತಿದರು. ಯಾವ ಪ್ರಶ್ನೆಗಾಗಿ ಇಷ್ಟೆಲ್ಲ ನಡೆಯಿತೋ ಅದನ್ನು ಅಂದು ಯಾರೂ ಕೇಳಲಿಲ್ಲ.

ಅಭಿಮಾನಿಗಳು ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಕಪ್ತಾನನ ರಟ್ಟೆ ಮುಟ್ಟಿ ನೋಡಲು ಪಾಳಿ ಹಚ್ಚಿದರು. ಕಪ್ತಾನ ಈಗ ಅಡಿಕೆ ವ್ಯಾಪಾರಿ. ರಟ್ಟೆ ಇದ್ದಲ್ಲೇ ಇತ್ತು, ಹೊಟ್ಟೆ ಮಾತ್ರ ಹೊಸದು. ನೀವು ಅಂದು ಎಡಗೈಯಲ್ಲಿ ಹೀಗೆ ಹಿಡಿದಿರಿ, ಆಮೇಲೆ ಮೊಣಕಾಲು ಊರಿದಿರಿ ಎಂದು ಒಬ್ಬ ರೈತ ಅವನಿಗೆ ನೆನಪು ಮಾಡಿಕೊಟ್ಟ. ಕಪ್ತಾನ ಬೇರೆ ಯಾರದೋ ಸಾಹಸ ಕೇಳುವವನಂತೆ ಕಣ್ಣರಳಿಸಿ ಕೇಳಿ, "ಹೌದನ್ರಿ? ಆಮ್ಯಾಲ ಏನ ಮಾಡಿದೆ?" ಎಂದ. ಆಡಿದವರಿಗಿಂತ ನೋಡಿದವರಿಗೇ ಆಟ ಹೆಚ್ಚು ನೆನಪಿತ್ತು.

ಹಿರೇಕೆರೂರಿನವರು ಬಸ್ಸಿನಿಂದ ಇಳಿದಾಗ ಅವರ ಕಾಲಿಗೆ ನೀರು ಕೊಟ್ಟರು. ಮೇಲಿನ ಪಂಕ್ತಿಯಲ್ಲಿ ಕೂರಿಸಿದರು. ಹೋಳಿಗೆ ಬಡಿಸಿದರು. ಬೇಡವೆಂದವರ ಕೈ ಸರಿಸಿ ಬಡಿಸಿದರು. ಸವಣೂರಿನಿಂದ ತರಿಸಿದ ವೀಳ್ಯದೆಲೆ ಕೊಟ್ಟರು. ಕಪ್ತಾನ ಸ್ವತಃ ತುಪ್ಪದ ಗಿಂಡಿ ಹಿಡಿದು ಸಾಲಿನುದ್ದಕ್ಕೂ ಓಡಾಡಿದ. ಗಿರಣಿಯವನ ಎಲೆಗೆ ಎರಡು ಸಲ ಹಾಕಿದ. ಗಿರಣಿಯವ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಕೆಲವರು ಉಂಡ ಮೇಲೆ ಅಡ್ಡಾದರು. ನಾಲ್ಕು ಗಂಟೆಗೆ ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಹೋದೆವು.

ನಾನು ಖಾಕಿ ಚಡ್ಡಿಯಲ್ಲಿ ನಿಂತೆ. ಜನ ನನ್ನ ಮೊಣಕಾಲುಗಳ ಬಗ್ಗೆ ಮಾತಾಡಿಕೊಂಡರು. ನಡುಗೆರೆಗೆ ಸುಣ್ಣವನ್ನು ಬೆಳಿಗ್ಗೆ ನಾನೇ ಹಾಕಿದ್ದೆ, ಎರಡು ಸಲ. ಸೀಟಿ ಊದಿದೆ.

ಹಾನಗಲ್ಲಿನ ಮೊದಲ ದಾಳಿಗಾರ ಹುತುತು ಎನ್ನುತ್ತ ಹೋಗಿ ಬೀಗರ ಅಂಕಣದ ನಡುವೆ ನಿಂತ. ಯಾರನ್ನೂ ಮುಟ್ಟಲಿಲ್ಲ. ಉಂಡು ಬಂದ ಬೀಗರನ್ನು ಔಟು ಮಾಡುವುದು ಹೇಗೆ ಎಂಬುದು ಅವನ ಸಂಕಟ. ಬೀಗರೂ ಅವನನ್ನು ಹಿಡಿಯಲಿಲ್ಲ. ಅನ್ನ ಹಾಕಿದವನನ್ನು ಕೆಡವುವುದು ಹೇಗೆ ಎಂಬುದು ಅವರ ಸಂಕಟ. ಅವನು ಉಸಿರು ಮುಗಿಯುವವರೆಗೆ ನಿಂತು, ತಾನಾಗಿಯೇ ಔಟಾಗಿ, ಕೈ ಮುಗಿದು ಹೊರಗೆ ಹೋದ. ಹಿರೇಕೆರೂರಿನವನು ಬಂದು ಅದನ್ನೇ ಮಾಡಿದ. ಅವನಿಗೆ ದಾರಿ ಬಿಡುತ್ತ ಕಪ್ತಾನ, "ಬರ್ರಿ, ಬರ್ರಿ, ಈ ಕಡೆ ಬರ್ರಿ. ಅಲ್ಲಿ ಕಲ್ಲ ಅದಾವು" ಎಂದ. ಹದಿನೈದು ನಿಮಿಷ ಎರಡೂ ತಂಡದವರು ಹೀಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಬಂದರು. ಜನಕ್ಕೆ ಬೇಸರವೇನೂ ಇರಲಿಲ್ಲ, ಅವರೂ ಉಂಡಿದ್ದರು.

ಗಿರಣಿಯವ ಬಂದ. ಅವನೊಬ್ಬ ನಿಜವಾಗಿ ಆಡಲು ಬಂದಿದ್ದ. ಹುತುತು ಎನ್ನುತ್ತ ನುಗ್ಗಿ ಮೂವರನ್ನು ಮುಟ್ಟಿದ. ಮೂವರೂ ನಕ್ಕು ಪಕ್ಕಕ್ಕೆ ಸರಿದರು. ಕಪ್ತಾನ ಕೈ ಕಟ್ಟಿ ನಿಂತಿದ್ದ. ಗಿರಣಿಯವ ನಡೆದುಕೊಂಡೇ ಗೆರೆಗೆ ಬಂದ. ಮೂರು ಅಂಕ. ಜನ ಚಪ್ಪಾಳೆ ತಟ್ಟಿದರು. ನಾನು ಅಂಕ ಕೊಡುವಾಗ ಅವನ ಮುಖ ನೋಡಿದೆ. ಅಂಥ ಮುಖವನ್ನು ನಾನು ಹನ್ನೆರಡು ವರ್ಷದ ಹಿಂದೆಯೂ ನೋಡಿದ್ದೆ.

ಅವನು ಗೆರೆಯ ಮೇಲೆ ನಿಂತು ಕಪ್ತಾನನಿಗೆ, "ಅಣ್ಣಾರ, ನಿಮ್ಮ ಹೋಳಿಗಿ ಚಲೋ ಇತ್ತು. ಈಗ ನನ್ನ ಹಿಡೀರಿ" ಎಂದ.

"ಬೀಗರ್ನ ಹೆಂಗ ಕೆಡವೂದ್ರಿ?" ಎಂದ ಕಪ್ತಾನ, ನಿಜಕ್ಕೂ ನೊಂದು. "ನಾಳೆ ಊರಾಗ ನನಗ ಯಾರರ ಹೆಣ್ಣ ಕೊಡ್ತಾರ?" ಅವನಿಗೆ ಮದುವೆಗೆ ಬಂದ ಮಗನಿದ್ದ.

"ನಾ ಊಟಕ್ಕ ಬಂದಿಲ್ರಿ. ನೀವು ಹಿಡೀಲಿಲ್ಲಂದ್ರ ನಾ ಇನ್ನ ಸಾಯೂತನಕಾ ಗಿರಣ್ಯಾಗ ಇದನ್ನ ಬೀಸಬೇಕು."

ಕಪ್ತಾನ ತಲೆ ಅಲ್ಲಾಡಿಸಿದ. ಅವನದೂ ಸುಳ್ಳಲ್ಲ. ಎಲೆ ಹಾಕಿ ಉಣಿಸಿದ ಬೀಗನ ಸೊಂಟಕ್ಕೆ ಕೈ ಹಾಕಿ ಮಣ್ಣಿಗೆ ಕೆಡವುವ ರೂಢಿ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಇಲ್ಲ. ಗಿರಣಿಯವ ನನ್ನ ಕಡೆ ನೋಡಿದ. ಪಂಚನ ಕೈಯಲ್ಲಿ ಏನೂ ಇರಲಿಲ್ಲ. ಹಿಡಿಯಿರಿ ಎಂದು ಸೀಟಿ ಊದಲು ಬರುವುದಿಲ್ಲ.

ಆಗ ಯಜಮಾನರು ಜನರ ನಡುವಿನಿಂದ ಎದ್ದು ಬಂದರು. ಬೀಗರನ್ನು ಸಂಜೆ ಕಳಿಸಿಕೊಡಲೆಂದು ಇಟ್ಟಿದ್ದ ತಾಟು ಅವರ ಕೈಯಲ್ಲಿತ್ತು. ಅದರಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರುಮಾಲು. ಮೈದಾನದ ನಡುವೆಯೇ ಗಿರಣಿಯವನಿಗೆ ರುಮಾಲು ಸುತ್ತಿದರು, ಕುಂಕುಮ ಹಚ್ಚಿದರು, ಕೈಯಲ್ಲಿ ಕಾಯಿ ಇಟ್ಟರು. ಹಲಗೆಯವರಿಗೆ ಸನ್ನೆ ಮಾಡಿದರು. ಹಲಗೆ ಬಾರಿಸುತ್ತ ಅವನನ್ನು ಮೈದಾನದ ಅಂಚಿನವರೆಗೆ, ಅಲ್ಲಿಂದ ಮುಂದೆ ರಸ್ತೆಯವರೆಗೆ ಕರೆದುಕೊಂಡು ಹೋದರು. ಹಾನಗಲ್ಲಿನ ತಂಡವೆಲ್ಲ ಹಿಂದೆ ಹೋಯಿತು. ಬೀಗರನ್ನು ಕಳಿಸಲು ಹೋಗದೆ ಇರಲು ಬರುವುದಿಲ್ಲ. ನಾನೂ ಹೋದೆ. ರಸ್ತೆಯಲ್ಲಿ ನಿಂತು ಯಜಮಾನರು ಕೈ ಮುಗಿದು, "ಏನರ ಹೆಚ್ಚು ಕಡಿಮಿ ಆಗಿದ್ರ ಹೊಟ್ಯಾಗ ಹಾಕ್ಕೋರಿ. ಹೋಗಿ ಬರ್ರಿ" ಎಂದರು. ಗಿರಣಿಯವನೂ ಕೈ ಮುಗಿದು, "ಬರ್ತೇನ್ರಿ" ಎಂದ. ಹಿರೇಕೆರೂರಿನ ದಿಕ್ಕಿಗೆ ಹತ್ತು ಹೆಜ್ಜೆ ನಡೆದ.

ಯಜಮಾನರು ಕಪ್ತಾನನ ಕಡೆ ತಿರುಗಿ, "ಆತು. ಬೀಗರು ಹೋದ್ರು" ಎಂದರು.

ಗಿರಣಿಯವ ಹನ್ನೊಂದನೆಯ ಹೆಜ್ಜೆಗೆ ತಿರುಗಿ ನಿಂತ. ರುಮಾಲೂ ಕಾಯಿಯೂ ಜತೆಗೆ ಬಂದಿದ್ದ ಹೆಂಡತಿಯ ಕೈಗೆ ಕೊಟ್ಟ. ಈಗ ಅವನು ಯಾರಿಗೂ ಬೀಗನಾಗಿರಲಿಲ್ಲ, ಬರೇ ಹಿರೇಕೆರೂರಿನವನು. ಕಪ್ತಾನ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಂಗಿ ಬಿಚ್ಚಿದ.

ಎಲ್ಲರೂ ಮೈದಾನಕ್ಕೆ ತಿರುಗಿ ಬಂದೆವು. ಗಿರಣಿಯವ ನುಗ್ಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂವತ್ತು ದಾಟಿದ ಮೈ, ಹೊಟ್ಟೆಯಲ್ಲಿ ನಾಲ್ಕು ಹೋಳಿಗೆ. ಇಬ್ಬರನ್ನು ಮುಟ್ಟಿ ತಿರುಗಿದ. ಕಪ್ತಾನ ಸೊಂಟಕ್ಕೆ ಬಿದ್ದ. ಈ ಸಲ ಯಾರೂ ನಗಲಿಲ್ಲ. ಇನ್ನಿಬ್ಬರು ಕಾಲು ಹಿಡಿದರು. ನಾಲ್ವರೂ ಗೆರೆಯ ಕಡೆಗೆ ಬಿದ್ದರು. ನಾನು ಹಿಂದೆ ಸರಿಯಲಿಲ್ಲ. ನೆಲಕ್ಕೆ ಬೋರಲು ಬಿದ್ದು, ಗಲ್ಲವನ್ನು ಸುಣ್ಣದ ಗೆರೆಗೆ ಹಚ್ಚಿ ನೋಡಿದೆ. ಅವನ ಕೈ ಮಣ್ಣು ಕೆರೆಯುತ್ತ ಬಂತು. ಹುತುತು ಹುತುತು ಎನ್ನುವ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೈ ಇನ್ನಷ್ಟು ಬಂತು. ಜನ ಎದ್ದು ನಿಂತಿದ್ದರು. ಬೀಗನನ್ನು ಕಳಿಸಿಕೊಟ್ಟ ಮೇಲೆ ಹಾನಗಲ್ಲಿಗೆ ಅವನ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತ್ತು. ಊರಿಗೂರೇ "ಮುಟ್ಟಿದ! ಮುಟ್ಟಿದ!" ಎಂದು ಕೂಗುತ್ತಿತ್ತು.

ಉಸಿರು ನಿಂತಿತು. ಕೈಯೂ ನಿಂತಿತು.

ಸೊಂಟ ಬಿಡದೆ ಮಲಗಿದ್ದ ಕಪ್ತಾನ ಏದುತ್ತ, "ಮುಟ್ಯಾನ ಅಂದಬಿಡ್ರಿ ಮಾಸ್ತರ. ನಂದೇನ ಹೋಗತೈತಿ" ಎಂದ.

ಹೇಳಿಬಿಡಲು ನನಗೂ ಆಸೆಯಿತ್ತು. ಅದೊಂದು ಮಾತು ಹೇಳಿದರೆ ಹನ್ನೆರಡು ವರ್ಷದ ನನ್ನ ಸಾಲವೂ ತೀರುತ್ತಿತ್ತು, ಊರೂ ಖುಷಿಪಡುತ್ತಿತ್ತು. ಆದರೆ ಗಿರಣಿಯವನ ಕಣ್ಣು ನನ್ನ ಕಣ್ಣಿನಿಂದ ಒಂದು ಮೊಳದ ದೂರದಲ್ಲಿ, ನೆಲಕ್ಕೆ ಅಂಟಿಕೊಂಡೇ ನನ್ನನ್ನು ನೋಡುತ್ತಿತ್ತು.

"ಔಟ್" ಎಂದೆ.

"ಎಷ್ಟು?" ಎಂದು ಕೇಳಿದ.

ಅವನ ಬೆರಳ ತುದಿಗೂ ಗೆರೆಗೂ ನಡುವೆ ನಾನು ನನ್ನ ಬೆರಳು ಇಟ್ಟು ತೋರಿಸಿದೆ. ನಾಲ್ಕು ಬೆರಳು ಹಿಡಿಸಿದವು. ಅವನು ಅದನ್ನು ನೋಡಿದ. ನಾನು ಬೆರಳು ತೆಗೆದ ಮೇಲೂ ಬರೇ ಮಣ್ಣನ್ನು ಸ್ವಲ್ಪ ಹೊತ್ತು ನೋಡಿದ.

ಜನ ನನ್ನನ್ನು ಬೈಯತೊಡಗಿದರು. ಮಾಸ್ತರನ ಕಣ್ಣಿಗೆ ಏನಾಗಿದೆ ಎಂದು ಹಾನಗಲ್ಲಿನವರು ಹಾನಗಲ್ಲಿನ ಪರವಾದ ತೀರ್ಪಿಗೇ ಕೂಗಾಡಿದರು. ಯಾರೋ ಒಂದು ಚಪ್ಪಲಿಯನ್ನೂ ಒಗೆದರು. ಗಿರಣಿಯವ ಎದ್ದು ನಿಂತ. ಎದೆಯ ಮಣ್ಣು ಕೂಡ ಕೊಡವಿಕೊಳ್ಳದೆ, ಎರಡೂ ಕೈ ಮೇಲೆತ್ತಿ, ಜನರ ನಡುವೆ ನಿಂತ ಹೆಂಡತಿಗೆ ಕೇಳುವಂತೆ ಕೂಗಿದ: "ಔಟ್ ಆಗೇನಲೇ! ಚೊಕ್ಕ ಔಟ್ ಆಗೇನಿ! ನೋಡಿ ಹೇಳ್ಯಾರ!"

ಆಮೇಲೆ ಯಾರೂ ಹೇಳದೆಯೇ ಔಟಾದವರು ಕೂಡುವ ಜಾಗಕ್ಕೆ ಹೋಗಿ, ತಮ್ಮವರ ನಡುವೆ ಜಾಗ ಮಾಡಿಸಿಕೊಂಡು ಕೂತ. ಪಕ್ಕದವನ ಹತ್ತಿರ ಎಲೆ ಅಡಿಕೆ ಕೇಳಿ ಇಸಿದುಕೊಂಡ. ನನಗೆ ಅಳು ಬಂತು. ಸೀಟಿ ಬಾಯಲ್ಲೇ ಇದ್ದುದರಿಂದ ಅದು ಸೀಟಿಯಾಗಿ ಹೊರಟಿತು, ಬಹಳ ಹೊತ್ತು ನಿಲ್ಲಲಿಲ್ಲ. ಆಟ ಮುಗಿಯಿತೆಂದು ಎರಡೂ ತಂಡದವರು ಕೈ ಕುಲುಕಿ ಅಂಗಿ ಹಾಕಿಕೊಂಡರು.